ಗೋಡೆಯಾಚೆ ಬೀಸುವವಳು

ವಿಧವೆ ಅಮ್ಮಾಜಮ್ಮನ ಪಾಲಿನ ಹೊಲವನ್ನು ಮೈದುನ ಮುನಿಶಾಮಪ್ಪ ಕಿತ್ತುಕೊಂಡು, ಅವಳನ್ನು ಹಿತ್ತಲ ಕೋಣೆಯಲ್ಲಿ ಕೂಡಿಹಾಕಿದ್ದ.

ಇದು ಅರವತ್ತೆರಡರ ಮಾತು. ನಾನು ಆಗತಾನೇ ಡಾಕ್ಟರಾಗಿ ಚಿಂತಾಮಣಿಗೆ ಬಂದಿದ್ದೆ. ಅವಳಿಗೆ ಹುಚ್ಚೆಂದು ನಾನು ಬರೆದುಕೊಟ್ಟರೆ ಬೆಂಗಳೂರಿನ ಹುಚ್ಚಾಸ್ಪತ್ರೆಗೆ ಸಾಗಿಸಿಬಿಡಬಹುದೆಂದು ಮುನಿಶಾಮಪ್ಪನೇ ನನ್ನನ್ನು ಕೈವಾರದ ಪಕ್ಕದ ತನ್ನ ಹಳ್ಳಿಗೆ ಕರೆದೊಯ್ದ.

ಹೊರಗೆ ನೆತ್ತಿ ಸುಡುವ ಬಿಸಿಲು. ಕೋಣೆಯೊಳಗೆ ಮಾತ್ರ ಬೆರಳು ಮರಗಟ್ಟುವಷ್ಟು ಚಳಿ. ಗೋಡೆಗೆ ಒರಗಿ ಕುಳಿತಿದ್ದ ಅಮ್ಮಾಜಮ್ಮನಿಗೆ ಕಾಲೇಜಿನಲ್ಲಿ ಕಲಿತ ಪ್ರಶ್ನೆಯನ್ನೇ ಕೇಳಿದೆ: "ಬೇರೆಯವರಿಗೆ ಕೇಳಿಸದ ಸದ್ದು ನಿಮಗೆ ಕೇಳಿಸುತ್ತಾ ಅಮ್ಮ?"

"ಗೋಡೆ ಆಚೆ ರಾಗಿ ಬೀಸ್ತಾವಳಲ್ಲ ಸ್ವಾಮಿ, ನಿಮಗೆ ಕೇಳ್ಸಲ್ವಾ?"

ಕೇಳಿಸುತ್ತಿತ್ತು. ಬೀಸುವ ಕಲ್ಲಿನ ಗರಗರ ಸದ್ದು, ನಡುನಡುವೆ ಹೆಂಗಸಿನ ಸಣ್ಣ ಕೆಮ್ಮು.

"ಪೂರಾ ಪಿಚ್ಚಿ ಹಿಡಿದೈತೆ ನಮ್ಮತ್ತಿಗೆಗೆ. ಅಲ್ಲಿ ಯಾವ ಸದ್ದೂ ಇಲ್ಲ. ಪುಸ್ತಕ ಓದ್ಕೊಂಡು ಬಂದಿದೀರಲ್ಲ, ಬರೀರಿ ಡಾಕ್ಟ್ರೇ!" ಎಂದ ಮುನಿಶಾಮಪ್ಪ. ಆದರೆ ಕಲ್ಲು ತಿರುಗಿದಾಗೆಲ್ಲ ಅವನು ದನಿ ಏರಿಸುತ್ತಿದ್ದ. ಕಲ್ಲು ನಿಂತಾಗ ಇಳಿಸುತ್ತಿದ್ದ.

ನಾನು ಗೋಡೆಯ ಆಚೆಗೆ ಹೋಗಿ ನೋಡಿದೆ. ಸೂರಿಲ್ಲದ ಪಾಳು ಜಾಗ, ಎದೆಯೆತ್ತರ ಎಕ್ಕದ ಗಿಡ. ಕಲ್ಲೂ ಇರಲಿಲ್ಲ, ಮನುಷ್ಯರೂ ಇರಲಿಲ್ಲ. ನೆಲದ ಮೇಲೆ ಹಿಡಿಯಷ್ಟು ರಾಗಿಹಿಟ್ಟಿತ್ತು. ಮುಟ್ಟಿದೆ, ಇನ್ನೂ ಬೆಚ್ಚಗಿತ್ತು.

ಹಿಂದಿರುಗಿ ಬಂದು, "ನಾನು ಬರೆಯೋದಿಲ್ಲ" ಎಂದೆ. ಬಾಗಿಲು ಪೂರ್ತಿ ತೆರೆದು ಹಿಡಿದು, "ಏಳಿ ಅಮ್ಮ, ನಿಮ್ಮನ್ನ ತಡೆಯೋರು ಯಾರೂ ಇಲ್ಲ, ನನ್ನ ಜೊತೆ ನಡೀರಿ" ಎಂದು ಕರೆದೆ.

ಅಮ್ಮಾಜಮ್ಮ ಗೋಡೆಗೆ ಇನ್ನಷ್ಟು ಒತ್ತಿ ಕುಳಿತಳು.

"ಇಷ್ಟು ದಿನ ನನ್ನ ಜೊತೆಗಿದ್ದೋಳು ಅವಳೊಬ್ಬಳೇ ಸ್ವಾಮಿ. ಅವಳನ್ನ ಬಿಟ್ಟು ನಾನು ಬರಲ್ಲ."