ಕಾಗದದ ಎಲೆಗೆ ಹುಳು ಕಚ್ಚಿದ್ದು

ವೆಂಡೆಲ್ ಹಾಸ್ಕಿನ್ಸ್ ನನ್ನನ್ನು ಮೋಸಗಾತಿ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು, ತಿರುಗಿ ನಾಲ್ಕು ಮಾತು ಅಂದು ಹಗುರಾಗುತ್ತಿದ್ದೆ. ಅವನು ಭೂತಗನ್ನಡಿಯನ್ನು ನನ್ನ ಕಾಗದದ ಎಲೆಗಳ ಮೇಲಿಂದ ಮೆಲ್ಲಗೆ ಎತ್ತಿದ, ಕರವಸ್ತ್ರದಿಂದ ಒರೆಸಿದ, ಜೇಬಿಗೆ ಇಳಿಸಿದ. ಆಮೇಲೆ, "ಇವು ಕೈಯಲ್ಲಿ ಕತ್ತರಿಸಿದ ಎಲೆಗಳಲ್ಲ ಅನ್ಸುತ್ತೆ, ಕೋರಾ," ಅಂದ. ಅದೂ ಎಷ್ಟು ಮೆತ್ತಗೆ! ಸಾವಿನ ಮನೆಗೆ ಮಾತಾಡಿಸಲು ಬಂದವರ ಹಾಗೆ.

ಲೈಬ್ರರಿಯ ನೆಲಮಾಳಿಗೆಯಲ್ಲಿ ಅಷ್ಟೂ ಜನ ಸೇಬಿನ ರಸದ ಲೋಟ ಹಿಡಿದುಕೊಂಡು ನಿಂತಿದ್ದರು. ಒಬ್ಬರೂ ಗುಟುಕು ನುಂಗಲಿಲ್ಲ. ನನ್ನ ಮೈಯೆಲ್ಲಾ ಉರಿದುಹೋಯಿತು.

ನಮ್ಮೂರು ಆಷ್ಬಿ ಮಿಲ್ಸ್‌ನಲ್ಲಿ ಮೇಪಲ್ ಮರಗಳು ಕೆಂಪಗಾಗುವ ಹೊತ್ತಿಗೆ ಕಾಗದದ ಚಾಲೆಂಜ್ ನಡೆಯುತ್ತದೆ. ಮಾಲೆಯೋ ಕೊಂಬೆಯೋ ಕುಂಬಳಕಾಯಿಯೋ, ಶರತ್ಕಾಲದ್ದು ಏನಾದರೂ ಸರಿ, ಕಾಗದದಲ್ಲಿ ಮಾಡಿ ತರಬೇಕು. ಕತ್ತರಿ, ಗೋಂದು, ಕಾಗದ ಬಿಟ್ಟು ಬೇರೇನೂ ಮುಟ್ಟುವ ಹಾಗಿಲ್ಲ. ಈಗ ಮನೆಮನೆಯಲ್ಲೂ ಕಾಗದ ಕತ್ತರಿಸುವ ಅಚ್ಚಿನ ಮೆಷಿನ್ ಇದೆ, ಹಿಡಿ ತಿರುಗಿಸಿದರೆ ಒಂದೇ ಥರದ ಎಲೆಗಳು ರಾಶಿ ಬೀಳುತ್ತವೆ. ಅದನ್ನು ಬಳಸಿ ಕೈಕೆಲಸ ಅಂತ ತಂದಿಟ್ಟವರನ್ನು ನಮ್ಮೂರು ಸುಲಭಕ್ಕೆ ಮರೆಯುವುದಿಲ್ಲ. ಬಂದದ್ದನ್ನೆಲ್ಲಾ ಪರೀಕ್ಷಿಸಿ ಹೇಳುವ ಕೆಲಸ ವೆಂಡೆಲ್‌ನದು.

ಇನ್ನೊಂದು ಪದ್ಧತಿಯೂ ಉಂಟು. ಬೇರೆಯವರ ಕೆಲಸ ನೋಡಿ ಮಾಡಿದರೆ ತಪ್ಪೇನಿಲ್ಲ. ಆದರೆ ಮೇಜಿನ ಮೇಲೆ ಇಡುವಾಗ ಎಲ್ಲರ ಎದುರು ಬಾಯಿಬಿಟ್ಟು ಹೇಳಬೇಕು, ಇದು ಇಂಥವರನ್ನು ನೋಡಿ ಮಾಡಿದ್ದು ಅಂತ. ನಾನು ಹೇಳಿರಲಿಲ್ಲ. ಹೇಳಬೇಕಾಗಿ ಬರಬಾರದೆಂದೇ ಯಾರೂ ಬರುವ ಮೊದಲೇ ಹೋಗಿ ನನ್ನ ಮೇಪಲ್ ಕೊಂಬೆಯನ್ನು ಇಟ್ಟು ಬಂದಿದ್ದೆ.

ಯಾಕೆಂದರೆ ನನ್ನ ಎಲೆ ವೆಂಡೆಲ್‌ನ ಎಲೆ.

ಹೋದ ವರ್ಷ ಇದೇ ನೆಲಮಾಳಿಗೆಯಲ್ಲಿ ಅವನು ಹೊಸಬರಿಗೆ ಎಲೆ ಕತ್ತರಿಸುವುದನ್ನು ಕಲಿಸಿದ. ಕಾಗದವನ್ನು ಮಡಿಸಬೇಡಿ, ಮರದ ಮೇಲೆ ಯಾವ ಎಲೆಯ ಎಡಬಲವೂ ಒಂದೇ ಥರ ಇರುವುದಿಲ್ಲ ಅಂದ. ಕತ್ತರಿಸಿದ ಎಲೆಯ ಚೂರುಗಳನ್ನು ಊದಿ ಹಾರಿಸುವಾಗ ಅವನ ಕೆನ್ನೆ ಚಿಕ್ಕ ಮಕ್ಕಳ ಕೆನ್ನೆಯಂತೆ ಉಬ್ಬುತ್ತಿತ್ತು. ಮಾದರಿಗೆಂದು ಒಬ್ಬೊಬ್ಬರಿಗೆ ಒಂದೊಂದು ಎಲೆ ಕೊಟ್ಟ. ಬೇರೆಯವರೆಲ್ಲಾ ತಮ್ಮದನ್ನು ಅಲ್ಲೇ ಮರೆತು ಹೋದರು. ನಾನು ನನ್ನದನ್ನು ತಂದು, ನಾನು ಓಡಿಸುವ ಶಾಲಾ ಬಸ್ಸಿನಲ್ಲಿ, ಬಿಸಿಲು ತಡೆಯುವ ಹಲಗೆಯ ಅಂಚಿಗೆ ಸಿಕ್ಕಿಸಿಟ್ಟೆ. ಒಂದು ವರ್ಷದಿಂದ ಅದು ಅಲ್ಲೇ ಇದೆ. ಮೂವತ್ತೆಂಟು ವರ್ಷದ ಹೆಂಗಸು ಹೀಗೆ ಮಾಡಬಾರದು ಅಂತ ನನಗೆ ಗೊತ್ತು, ಯಾರೂ ಹೇಳಬೇಕಾಗಿಲ್ಲ.

ಆ ಎಲೆಯಲ್ಲಿ, ತೊಟ್ಟಿನ ಎಡಕ್ಕೆ, ಎಳ್ಳಿನಷ್ಟು ಒಂದು ಕೊರೆ ಇತ್ತು. ಹುಳು ಕಚ್ಚಿದ ಗುರುತು. ನಿಜವಾದ ಎಲೆಯಂತೆ ಕಾಣಲಿ ಅಂತ ಹುಳು ಕಚ್ಚಿದ್ದನ್ನೂ ಕತ್ತರಿಸಿದ್ದಾನಲ್ಲ ಅಂತ ನನಗೆ ಬಹಳ ಹಿಡಿಸಿತ್ತು. ಅಷ್ಟು ಸಣ್ಣದನ್ನು ಕಾಣುವ ಕಣ್ಣು ಯಾರಿಗಿರುತ್ತದೆ? ಹಾಗಾಗಿ ಈ ವರ್ಷ ನನ್ನ ಕೊಂಬೆಗೆ ಎಲೆ ಮಾಡುವಾಗ, ಪ್ರತಿ ಎಲೆಯ ತೊಟ್ಟಿನ ಪಕ್ಕವೂ ಉಗುರು ಕತ್ತರಿಯಲ್ಲಿ ಆ ಕೊರೆ ತೆಗೆದೆ. ಬೆರಳಿಗೆ ಬೊಬ್ಬೆ ಬಂದಿತ್ತು.

ಈಗ ಇವನು ಆ ಕೊರೆಯನ್ನೇ ತೋರಿಸಿ ಮೆಷಿನ್ ಅನ್ನುತ್ತಿದ್ದಾನೆ. ತನ್ನ ಹುಳುವಿನ ಗುರುತು ತನಗೇ ಗೊತ್ತಾಗಲಿಲ್ಲವಂತೆ. ಒಂದೇ ಒಂದು ಮಾತಲ್ಲಿ ನಾನು ಅವನ ಬಾಯಿ ಮುಚ್ಚಿಸಬಹುದಿತ್ತು. ಆದರೆ ಆ ಒಂದು ಮಾತು ಅಂದರೆ, ನೀನು ಕೊಟ್ಟ ಎಲೆಯನ್ನು ವರ್ಷವಿಡೀ ಕಣ್ಣೆದುರು ಇಟ್ಟುಕೊಂಡಿದ್ದೆ ಅಂತ ಊರ ಮುಂದೆ ಸಾರಿದಂತೆ. ಅದಕ್ಕಿಂತ ಸುಮ್ಮನಿರುವುದೇ ವಾಸಿ ಅಂತ ಕೋಟು ಎತ್ತಿಕೊಂಡು ಹೊರಬಿದ್ದೆ.

ಸುಮ್ಮನಿರುವುದು ಎಷ್ಟು ದುಬಾರಿ ಅಂತ ಸೋಮವಾರ ಗೊತ್ತಾಯಿತು. ಗಿರಣಿ ರಸ್ತೆಯ ಸ್ಟಾಪಿನಲ್ಲಿ ದಿನಾ ನನಗೆ ಕೈ ಬೀಸುತ್ತಿದ್ದ ಒಬ್ಬ ತಾಯಿ ಫೋನು ನೋಡುತ್ತಾ ನಿಂತಿದ್ದಳು. ಹಿಂದಿನ ಸೀಟಿನಲ್ಲಿ ಮಕ್ಕಳು ಪಿಸುಗುಟ್ಟಿ, ನಾನು ಕನ್ನಡಿಯಲ್ಲಿ ನೋಡಿದಾಗ ತೆಪ್ಪಗಾದರು. ಬುಧವಾರ ಶಾಲೆಯ ಹೆಡ್‌ಮಿಸ್ಟ್ರೆಸ್ ಬಸ್ಸಿನ ಬಾಗಿಲಿಗೇ ಬಂದು, ಈ ಸಲ ನಾನು ಮಕ್ಕಳಿಗೆ ಹೇಳಿಕೊಡಬೇಕಿದ್ದ ಎಲೆ ಕತ್ತರಿಸುವ ಪಾಠವನ್ನು ಬೇರೆ ಯಾರಾದರೂ ಹೇಳಿಕೊಟ್ಟರೆ ಹೇಗೆ ಅಂತ ಕೇಳಿದರು, ನಗುತ್ತಲೇ. ಇವರ ಮಕ್ಕಳನ್ನು ಹಿಮದಲ್ಲಿ, ಮಂಜಿನಲ್ಲಿ, ಕೂದಲು ಕೊಂಕದ ಹಾಗೆ ಮನೆ ಮುಟ್ಟಿಸುತ್ತೇನೆ. ನನ್ನ ಮಾತಿನ ಮೇಲೆ ನಂಬಿಕೆ ಹೋಗಲು ಕಾಗದದ ಎಲೆ ಸಾಕಾಯಿತು. ಬಸ್ಸಿನ ಬಾಗಿಲು ಮುಚ್ಚಿ ಅತ್ತೆ. ದುಃಖಕ್ಕಲ್ಲ, ಸಿಟ್ಟಿಗೆ.

ಗುರುವಾರ ಮಧ್ಯಾಹ್ನ ವೆಂಡೆಲ್ ಬಸ್ ಶೆಡ್ಡಿಗೇ ಬಂದ. ಹಾರ್ಡ್‌ವೇರ್ ಅಂಗಡಿಯ ಏಪ್ರನ್ ಬಿಚ್ಚುವುದನ್ನೂ ಮರೆತಿದ್ದ. ಕಣ್ಣ ಕೆಳಗೆ ಕಪ್ಪು. ನಾನು ಟೈರು ನೋಡುತ್ತಾ ಬಗ್ಗಿದ್ದೆ, ಏಳಲಿಲ್ಲ.

"ಕೋರಾ, ಒಂದು ಮಾತು. ನೀವಾಗೇ ಕೊಂಬೆ ವಾಪಸ್ ತಗೊಂಡ್ರೆ ಮುಗೀತು. ಯಾರೂ ಏನೂ ಅನ್ನದ ಹಾಗೆ ನಾನು ನೋಡ್ಕೋತೀನಿ."

"ಓಹೋ. ನಾನು ಮಾಡದ ತಪ್ಪಿಗೆ ನೀವು ಕ್ಷಮೆ ಬೇರೆ ಕೊಡೋಕೆ ಬಂದ್ರಾ?"

"ಹಾಗಲ್ಲ." ಅವನು ನನ್ನ ಮುಖ ನೋಡಲಿಲ್ಲ, ಗ್ರೀಸು ಮೆತ್ತಿದ ನನ್ನ ಕೈ ನೋಡುತ್ತಿದ್ದ. "ಅಷ್ಟೂ ಎಲೇಲಿ ಒಂದೇ ಜಾಗದಲ್ಲಿ ಒಂದೇ ಕೊರೆ ಇದೆ. ಕೈ ಹಾಗೆ ಕತ್ತರಿಸಲ್ಲ. ಅಚ್ಚಿನ ಅಂಚು ಮುಕ್ಕಾಗಿದ್ರೆ ಮಾತ್ರ ಹಾಗೆ ಬೀಳುತ್ತೆ. ನಂಬಬೇಕು ಅಂತ ನಂಗೂ ಆಸೆ ಇದೆ, ಆದ್ರೆ ಹೇಗೆ ನಂಬ್ಲಿ ಹೇಳಿ."

"ಕಣ್ಣು ಬಿಟ್ಟು ನೋಡಿದ್ರೆ ನಂಬ್ತಿದ್ರಿ."

"ನೋಡಿದೆನಲ್ಲಾ. ಎಷ್ಟು ನೋಡಿದೆ ಅಂತ ನಿಮಗೆ ಗೊತ್ತಿಲ್ಲ."

"ಹೋಗಿ ವೆಂಡೆಲ್. ಕೈಯಲ್ಲಿ ಸ್ಪ್ಯಾನರ್ ಇದೆ."

ಅವನ ಕಿವಿಯ ತುದಿ ಕೆಂಪಗಾಯಿತು. ಏಪ್ರನ್ ಬಿಚ್ಚಿ ಸುತ್ತಿಕೊಳ್ಳುತ್ತಾ ಹೋದ. ಆ ಕೆಂಪು ಕಿವಿಯನ್ನು ನಾನು ಬಾಗಿಲಿನವರೆಗೂ ನೋಡಿದೆನಲ್ಲ, ಅದಕ್ಕೆ ನನ್ನ ಮೇಲೆ ನನಗೇ ಇನ್ನಷ್ಟು ಸಿಟ್ಟು ಬಂತು.

ಸಂಜೆ ಹೆಸ್ಟರ್ ಅಜ್ಜಿಯ ಮನೆಗೆ ಹೋದೆ. ಈ ಚಾಲೆಂಜ್ ಶುರುಮಾಡಿದವಳೇ ಆಕೆ, ಊರಿಗೆಲ್ಲಾ ಅಜ್ಜಿ. ನನ್ನ ಹೆಸರನ್ನು ಪಟ್ಟಿಯಿಂದ ತೆಗೆದುಬಿಡು, ಇನ್ನು ಆ ನೆಲಮಾಳಿಗೆಗೆ ಕಾಲಿಡುವುದಿಲ್ಲ ಅಂದೆ. ಅಜ್ಜಿ ಡೋನಟ್ಟಿನ ತಟ್ಟೆ ನನ್ನತ್ತ ತಳ್ಳಿದಳು.

"ಕತ್ತರಿಸಿದ್ದು ನೀನೇ ತಾನೇ?"

"ಅಜ್ಜೀ, ನೀನೂ ಕೇಳ್ತೀಯಾ?"

"ನಂಗೆ ಗೊತ್ತು ಮಾರಾಯ್ತಿ. ಊರಿಗೆ ಗೊತ್ತಿಲ್ವಲ್ಲ. ಶನಿವಾರ ಎಲ್ಲರ ಮುಂದೆ ಕೂತು ಒಂದು ಎಲೆ ಕತ್ತರಿಸು. ನೀನು ಬಿಟ್ಟು ಹೋದ್ರೆ ಅವರು ಅಂದಿದ್ದೇ ನಿಜ ಆಗುತ್ತೆ."

ಅದು ನನ್ನ ತಲೆಗೆ ಹೊಕ್ಕಿತು. ಓಡಿಹೋದವಳು ಅನ್ನಿಸಿಕೊಳ್ಳಲು ನಾನು ತಯಾರಿರಲಿಲ್ಲ.

ಶನಿವಾರ ನೆಲಮಾಳಿಗೆ ಕಿಕ್ಕಿರಿದಿತ್ತು. ಸೋಮವಾರ ಫೋನು ನೋಡುತ್ತಾ ನಿಂತವಳು ಈಗ ಮುಂದಿನ ಕುರ್ಚಿಯಲ್ಲೇ ಕೂತಿದ್ದಳು. ವೆಂಡೆಲ್ ಗೋಡೆಗೆ ಒರಗಿ ನಿಂತಿದ್ದ, ಪರೀಕ್ಷೆ ಬರೆಯಲು ಬಂದವನು ತಾನೇ ಅನ್ನುವ ಹಾಗೆ. ನಾನು ಕಿಟಕಿಯ ಬೆಳಕಿಗೆ ಕೂತು ತುಕ್ಕುಗೆಂಪಿನ ಕಾಗದ ತೆಗೆದುಕೊಂಡೆ. ಗೀಟು ಹಾಕಲಿಲ್ಲ, ಮಡಿಸಲಿಲ್ಲ. ಕತ್ತರಿ ಹಿಡಿದ ಕೈ ಕದಲಿಸದೆ ಕಾಗದವನ್ನೇ ತಿರುಗಿಸುತ್ತಾ ಹೋದೆ. ಕೈಗೆ ಅದು ಎಷ್ಟು ರೂಢಿಯಾಗಿತ್ತೆಂದರೆ, ಸಿಟ್ಟಿನಲ್ಲೂ ಅಂಚು ತಪ್ಪಲಿಲ್ಲ. ಎಲೆ ಮುಗಿಯಿತು. ಕೊನೆಗೆ ದೊಡ್ಡ ಕತ್ತರಿ ಕೆಳಗಿಟ್ಟು, ಉಗುರು ಕತ್ತರಿ ತೆಗೆದು, ತೊಟ್ಟಿನ ಪಕ್ಕ ಎಳ್ಳಿನಷ್ಟು ಕಿತ್ತೆ.

ವೆಂಡೆಲ್ ಗೋಡೆ ಬಿಟ್ಟು ಮುಂದೆ ಬಂದ. "ಅದೇನು ಮಾಡಿದ್ರಿ ಈಗ?"

"ಹುಳು ಕಚ್ಚಿದ್ದು."

"ಯಾವ ಹುಳು?"

ಆಗ ನನ್ನ ಪಿತ್ತ ನೆತ್ತಿಗೇರಿತು. ವಾರವಿಡೀ ಹಲ್ಲು ಕಚ್ಚಿ ತಡೆದದ್ದೆಲ್ಲಾ ಒಟ್ಟಿಗೆ ಹೊರಬಂತು. "ಯಾವ ಹುಳು ಅಂದ್ರೆ? ನಿನ್ನ ಹುಳು! ಹೋದ ವರ್ಷ ಇದೇ ಮೇಜಿನ ಹತ್ರ ನೀನೇ ಕತ್ತರಿಸಿ ನನ್ನ ಕೈಗೆ ಕೊಟ್ಟ ಎಲೇಲಿದ್ದ ಹುಳು. ಮಾಡೋದು ನೀನು, ಮರೆಯೋದೂ ನೀನು, ಮೋಸ ಅನ್ನಿಸಿಕೊಳ್ಳೋದು ನಾನಾ?"

ನೀವು ಹೋಗಿ ನೀನು ಆದದ್ದು ನನಗೇ ಗೊತ್ತಾಗಲಿಲ್ಲ. ಅವನು ಕಣ್ಣು ಮಿಟುಕಿಸಿದ. "ನಾನು ಎಂಥ ಹುಳೂನೂ ಕತ್ತರಿಸಿಲ್ಲ," ಅಂದ, ನಿಜವಾಗಿ ಗೊಂದಲವಾದವನ ದನಿಯಲ್ಲಿ.

ಹೆಸ್ಟರ್ ಅಜ್ಜಿ ಕಾಗದವನ್ನೂ ಕತ್ತರಿಯನ್ನೂ ಅವನತ್ತ ಚಾಚಿ, ನೀನೊಂದು ಕತ್ತರಿಸಪ್ಪಾ ಅಂದಳು. ವೆಂಡೆಲ್ ಎಡಚ. ಅದು ಊರಿಗೆಲ್ಲಾ ಗೊತ್ತಿದ್ದ ವಿಷಯ. ಆದರೆ ಅವನ ಕೈಯಲ್ಲಿದ್ದದ್ದು, ಹೋದ ವರ್ಷದ ಹಾಗೆಯೇ, ಎಲ್ಲರ ಮನೆಯಲ್ಲಿರುವ ಬಲಗೈ ಕತ್ತರಿ. ಎಡಗೈಯಲ್ಲಿ ಹಿಡಿದರೆ ಅಲಗು ಕಣ್ಣಿಗೆ ಅಡ್ಡ ಬರುತ್ತದೆ. ಸುತ್ತ ಚೆನ್ನಾಗಿಯೇ ಕತ್ತರಿಸಿಕೊಂಡು ಬಂದ. ತೊಟ್ಟಿನ ಹತ್ತಿರ ಅಂಚು ಕಾಣದೆ, ಕಾಗದವನ್ನು ಫಕ್ಕನೆ ಆಚೆ ತಿರುಗಿಸಿ ಕತ್ತರಿಯ ಮೂತಿಯನ್ನು ಮತ್ತೆ ತೂರಿಸಿದ. ಅಲ್ಲೇ, ತೊಟ್ಟಿನ ಎಡಕ್ಕೆ, ಒಂದು ಚೂರು ಉದುರಿತು.

ಅಜ್ಜಿ ಎರಡು ಎಲೆಗಳನ್ನೂ ಕಿಟಕಿಗೆ ಒಡ್ಡಿ ಹಿಡಿದಳು. ಯಾರು ಬೇಕಾದರೂ ನೋಡಬಹುದಿತ್ತು, ಎಲ್ಲರೂ ನೋಡಿದರು. ಹುಳು ಇರಲೇ ಇಲ್ಲ. ಅವನ ಕೈಗೆ ಗೊತ್ತಿಲ್ಲದೆ ಆಗುತ್ತಿದ್ದ ತಪ್ಪನ್ನು ನಾನು ಅವನ ಜಾಣ್ಮೆ ಅಂತ ಎತ್ತಿ ಆಡಿಸಿ, ಬೊಬ್ಬೆ ಬರಿಸಿಕೊಂಡು, ಎಲೆ ಎಲೆಗೂ ಕೆತ್ತಿ ಕೂತಿದ್ದೆ. ನೆಲ ಬಾಯಿಬಿಟ್ಟರೆ ಸಾಕು ಅನ್ನಿಸಿತು.

ಅಜ್ಜಿ ಅಷ್ಟಕ್ಕೇ ಬಿಡಲಿಲ್ಲ. "ಹೋದ ವರ್ಷದ ಎಲೆ ಇಷ್ಟು ನೆನಪಿದೆ ಅಂದ್ರೆ, ಎಲ್ಲಿಟ್ಟಿದ್ದೆ ಮಗಳೇ ಅದನ್ನ?"

ಕೋಣೆಗೆ ಕೋಣೆಯೇ ನನ್ನತ್ತ ತಿರುಗಿತು. ಸುಳ್ಳು ಹೇಳಬಹುದಿತ್ತು. ಆದರೆ ಸುಳ್ಳುಗಾತಿ ಅನ್ನಿಸಿಕೊಂಡು ವಾರ ಕಳೆದವಳಿಗೆ ಈಗ ಸುಳ್ಳು ಹೇಳಲು ನಾಲಿಗೆ ಏಳಲಿಲ್ಲ. ಎದ್ದು ನಿಂತು ನನ್ನ ಕೊಂಬೆಯ ಮೇಲೆ ಕೈಯಿಟ್ಟೆ, ಪದ್ಧತಿಯ ಪ್ರಕಾರ.

"ಇದು ವೆಂಡೆಲ್ ಹಾಸ್ಕಿನ್ಸ್‌ನ ನೋಡಿ ಮಾಡಿದ್ದು. ಅವನು ಕೊಟ್ಟ ಎಲೆ ನನ್ನ ಬಸ್ಸಲ್ಲಿದೆ. ಒಂದು ವರ್ಷದಿಂದ ದಿನಾ ನೋಡಿದ್ದೀನಿ. ಎಲೆ ಸಲುವಾಗಿ ಮಾತ್ರ ಅಲ್ಲ. ಸಾಕಾ ಎಲ್ಲರಿಗೂ?"

ಮೆಟ್ಟಿಲು ಹತ್ತಿಬಿಟ್ಟೆ. ಹಿಂದಿನಿಂದ ವೆಂಡೆಲ್‌ನ ದನಿ ಕೇಳಿತು, ಎಂದೂ ಏರದ ದನಿ, ನೆಲಮಾಳಿಗೆಯ ಗೋಡೆಗೆ ಬಡಿಯುವಷ್ಟು ಜೋರಾಗಿ. ತಪ್ಪು ತನ್ನದು, ಕೋರಾ ತಿಬೋಡೊ ಒಂದೊಂದು ಎಲೆಯನ್ನೂ ಕೈಯಲ್ಲೇ ಕತ್ತರಿಸಿದ್ದಾಳೆ, ಇದನ್ನು ಇಲ್ಲಿದ್ದವರೆಲ್ಲಾ ಇವತ್ತೇ ಊರಿಗೆ ಹೇಳಬೇಕು ಅಂತ. ಆಮೇಲೆ ಮೆಟ್ಟಿಲ ಮೇಲೆ ಅವನ ಬೂಟುಗಳ ಸದ್ದು.

ಲೈಬ್ರರಿಯ ಹೊರಗೆ ಹೊಂಬಿಸಿಲು. ಅವನು ಕೋಟಿಲ್ಲದೆ ಬಂದಿದ್ದ, ಏದುಸಿರು ಬಿಡುತ್ತಿದ್ದ.

"ಕೋರಾ, ತಪ್ಪಾಯ್ತು."

"ಆಯ್ತು."

"ಬೈಯಿ. ಇನ್ನೂ ಸಿಟ್ಟಿದೆ, ಗೊತ್ತಾಗ್ತಿದೆ."

"ಅಷ್ಟು ಜನರ ಎಲೆ ಇತ್ತು ಅಲ್ಲಿ. ನನ್ನದರ ಮೇಲೇ ಯಾಕೆ ಬಿತ್ತು ನಿನ್ನ ಭೂತಗನ್ನಡಿ? ಅದನ್ನ ಹೇಳು ಮೊದಲು."

ಅವನು ತಲೆ ತಗ್ಗಿಸಿ ಬೂಟಿನ ತುದಿ ನೋಡಿದ. ಕಿವಿ ಕೆಂಪಗಾಯಿತು, ಆಮೇಲೆ ಕುತ್ತಿಗೆ.

"ಬೇರೆಯವರದ್ದನ್ನೆಲ್ಲ ಹಾಗೇ ಒಂದು ಸುತ್ತು ನೋಡ್ದೆ. ಅವರಲ್ಲಿ ಯಾರು ಮೆಷಿನ್ ಬಳಸಿದ್ರೂ ನಂಗೆ ಗೊತ್ತಾಗ್ತಿರ್ಲಿಲ್ಲ. ನಿನ್ನದರ ಮುಂದೆ ಅರ್ಧ ದಿನ ನಿಂತಿದ್ದೆ. ನೀನು ಮುಟ್ಟಿದ್ದು ಅಂತ. ಒಂದೊಂದೇ ಎಲೆ ನೋಡಿದೆ, ಮತ್ತೆ ಮೊದಲಿಂದ ನೋಡಿದೆ. ಅಷ್ಟು ನೋಡಿದ್ದಕ್ಕೇ ಆ ಕೊರೆ ಕಂಡಿದ್ದು. ಕಂಡಾಗ ಎದೆ ಧಸಕ್ ಅಂತು. ಬೇರೆ ಯಾರಾಗಿದ್ರೂ ಅಷ್ಟು ಬೇಜಾರಾಗ್ತಿರ್ಲಿಲ್ಲ."

ಒಂದು ವರ್ಷ ನಾನು ಅವನ ಎಲೆ ನೋಡಿದೆ, ಅವನು ಅರ್ಧ ದಿನ ನನ್ನ ಎಲೆ ನೋಡಿದ. ಇಬ್ಬರು ದಡ್ಡರು. ಆದರೂ ಅಷ್ಟು ಸುಲಭಕ್ಕೆ ಬಿಡಲು ಮನಸ್ಸಾಗಲಿಲ್ಲ. ನನಗಾದ ಅವಮಾನವೇನು ಕಡಿಮೆಯೇ?

"ಎಲೆ ನೋಡೋಕೆ ಅರ್ಧ ದಿನ ಇತ್ತು," ಅಂದೆ. "ಕತ್ತರಿಸಿದವಳನ್ನ ಒಂದು ಸಲ ತಲೆಯೆತ್ತಿ ನೋಡೋಕೆ ಏನು ದಾಡಿಯಾಗಿತ್ತು ನಿಂಗೆ?"

ವೆಂಡೆಲ್ ತಲೆ ಎತ್ತಿದ. ನೋಡಿದ. ನಾನು ಸಾಕು ಅನ್ನಲಿಲ್ಲ.