ತಡವಾಗಿ ಬಂದ ಹಕ್ಕಿಯ ಆಕಾಶ

ಕಣ್ಣು ಮುಚ್ಚುವ ಕಾಂತದರ್ಶಕ ಯಂತ್ರವನ್ನು ತಲೆಗೆ ಏರಿಸಿಕೊಂಡ ಮುನಿವೆಂಕಟಪ್ಪ ಎರಡೂ ಕೈ ಚಾಚಿ ಗೋಡೆ ಹುಡುಕಿದ. ಗೋಡೆ ಎಲ್ಲಿಂದ ಬರಬೇಕು? ಅವನೀಗ ಭೂಮಿಯಿಂದ ಸಾವಿರಾರು ಮೈಲಿ ಮೇಲೆ ನಿಂತಿದ್ದ. ದಕ್ಷಿಣದಿಂದ ಹೊರಟ ಬೆಳ್ಳಿಗೆರೆಗಳು ಬಾಗಿ ಉತ್ತರಕ್ಕೆ ಇಳಿಯುತ್ತಿದ್ದವು. ಧ್ರುವದ ನೆತ್ತಿಯ ಮೇಲೆ ಹಸಿರು ಬೆಳಕು ಕುಣಿಯುತ್ತಿತ್ತು.

"ಆ ಗೆರೆಗಳೇ ಭೂಮಿಯ ಕಾಂತಕ್ಷೇತ್ರ," ಎಂದರು ಯಂತ್ರ ಕಟ್ಟಿದ ವಿಜ್ಞಾನಿ ಡಾ. ಅನಸೂಯಾ ಕೊಪ್ಪೀಕರ್. "ಬರಿಗಣ್ಣಿಗೆ ಕಾಣೋದಿಲ್ಲ. ಉಪಗ್ರಹಗಳು ಅಳೆದದ್ದನ್ನ ಈ ಯಂತ್ರ ದೃಶ್ಯವಾಗಿ ತೋರಿಸುತ್ತೆ. ಸೂರ್ಯ ಕೆರಳಿ ವಿದ್ಯುತ್ ಕಣಗಳನ್ನ ಉಗುಳಿದಾಗ ಧ್ರುವದಲ್ಲಿ ಆ ಬೆಳಕು. ನಮ್ಮ ಕಡೆ ಬೆಳಕಿಲ್ಲ, ಗೆರೆಗಳು ಮಾತ್ರ ನಡುಗುತ್ತವೆ."

"ಪಾರಿವಾಳ ಇದನ್ನ ಹಿಡ್ಕೊಂಡೇ ಮನೆಗ್ ಬರ್ತದಾ?"

"ಸೂರ್ಯನನ್ನೂ ನೋಡುತ್ತೆ, ಇದನ್ನೂ ಗ್ರಹಿಸುತ್ತೆ."

"ಹಂಗಾದ್ರೆ ನಮ್ ಬೂದಿ ಹಾರಿದ್ ದಿನ ತೋರ್ಸಿ ಮೇಡಂ."

ಬೂದಿ ಅವನ ಪಂದ್ಯದ ಹೆಣ್ಣು ಪಾರಿವಾಳ. ಸೊಲ್ಲಾಪುರದಲ್ಲಿ ಬಿಟ್ಟ ಹಕ್ಕಿಗಳೆಲ್ಲ ಸಂಜೆಯೊಳಗೆ ಬೆಂಗಳೂರು ಸೇರಿದರೆ, ಇದು ವಾರ ಕಳೆದ ಮೇಲೆ ರೆಕ್ಕೆ ಹರಿದುಕೊಂಡು ಬಂತು. ಕಲಾಸಿಪಾಳ್ಯದ ಪಾರಿವಾಳ ಸಂಘದ ಕಟ್ಟಳೆಗೆ ಕರುಣೆಯಿಲ್ಲ. ದಾರಿ ತಪ್ಪಿದ್ದರ ಮರಿಯೂ ದಾರಿ ತಪ್ಪುತ್ತದಂತೆ, ಆದ್ದರಿಂದ ತಡವಾದ ಹಕ್ಕಿ ಕಸಾಯಿ ಅಂಗಡಿಗೆ. ಭಾನುವಾರದೊಳಗೆ ಬೂದಿಯನ್ನು ಒಪ್ಪಿಸದಿದ್ದರೆ ಮುನಿವೆಂಕಟಪ್ಪನೇ ಸಂಘದಿಂದ ಹೊರಗೆ.

ಅನಸೂಯಾ ಆ ದಿನವನ್ನು ತೆರೆದರು. ಗೆರೆಗಳು ಗಾಳಿಗೆ ಸಿಕ್ಕ ನೂಲಿನಂತೆ ಗೋಜಲಾಗಿ ಹೊಯ್ದಾಡಿದವು. ಮುನಿವೆಂಕಟಪ್ಪ ಯಂತ್ರ ತೆಗೆದಾಗ ಅವನ ಕಣ್ಣು ತುಂಬಿತ್ತು.

"ಇದೇ ಕಾರಣ ಅಂತ ನಾನು ಹೇಳಲಾರೆ," ಅನಸೂಯಾ ಎಚ್ಚರಿಸಿದರು. "ಉಳಿದವು ಬಂದವಲ್ಲ?"

"ನೀವ್ ಹೇಳ್ಬೇಡಿ. ನಾನ್ ಹೇಳ್ತೀನಿ."

ಭಾನುವಾರ ಸಂಘದ ಅಧ್ಯಕ್ಷ ಶಾಮಣ್ಣ ಗುಡುಗಿದರು: "ಹಕ್ಕಿ ಎಲ್ಲಯ್ಯಾ?"

"ಗೂಡಲ್ಲಿ ಅದೆ. ಅಲ್ಲೇ ಇರ್ತದೆ."

"ಕಟ್ಟಳೆ ಮರ್ತ್ಯಾ?"

"ಕಟ್ಟಳೆ ಮಾಡ್ದೋರು ಮೇಡಂ ಮಿಷಿನಲ್ಲಿ ಆ ದಿನದ ಆಕಾಶ ನೋಡಿರ್ಲಿಲ್ಲ ಅಧ್ಯಕ್ಷರೇ! ದಾರಿ ಗೊತ್ತಿದ್ದೋವು ಬಂದ್ವು, ಅದ್ರಲ್ಲೇನ್ ಹೆಚ್ಚುಗಾರಿಕೆ? ದಾರಿ ತಪ್ಪೋದ್ರೂ ಮನೆ ಮರೀದೆ ಬಂದಿದ್ದು ಇದೊಂದೇ. ನನ್ ಹೆಸ್ರು ಹೊಡ್ದಾಕಿ, ಹಕ್ಕಿ ಕೊಡಲ್ಲ!"

ಹೆಸರು ಹೊಡೆದೇ ಹಾಕಿದರು. ಅವನು ಎದೆ ಸೆಟೆಸಿಕೊಂಡೇ ಹೊರನಡೆದ.

ವಿದ್ಯಾರ್ಥಿಗಳಿಗೆಂದು ಕಟ್ಟಿದ ಯಂತ್ರವನ್ನು ನೋಡಲು ವಿದ್ಯಾರ್ಥಿಗಳು ಬರಲಿಲ್ಲ. ಬಂದವರು ಕಲಾಸಿಪಾಳ್ಯದವರು, ಒಬ್ಬೊಬ್ಬರೇ, ಕಳ್ಳಹೆಜ್ಜೆಯಲ್ಲಿ, ಕಂಕುಳಲ್ಲೊಂದು ಹಕ್ಕಿ. "ನಮ್ದೂ ತಡ ಆಯ್ತು ಮೇಡಂ. ಇದು ಹಾರಿದ್ ದಿನ ಸ್ವಲ್ಪ ತೋರ್ಸಿ." ಕಡೆಗೊಂದು ದಿನ ಶಾಲು ಹೊದ್ದು ಶಾಮಣ್ಣನವರೇ ಬಂದರು.

ತಮ್ಮ ಹಕ್ಕಿ ಹಾರಿದ ದಿನವನ್ನು ಅವರು ಬಹಳ ಹೊತ್ತು ನೋಡಿದರು. ಎಲ್ಲ ಗೆರೆಗಳೂ ಗೋಜಲಿಲ್ಲದೆ, ಶಾಂತವಾಗಿದ್ದವು. ಅನಸೂಯಾ ಸುಳ್ಳು ಹೇಳುವವರಲ್ಲ.

"ಆ ದಿನ ಕಾಂತಕ್ಷೇತ್ರ ಅಲುಗಾಡಿಲ್ಲ ಸರ್. ನಿಮ್ಮ ಹಕ್ಕಿ ಸುಮ್ಮನೆ ದಾರಿ ತಪ್ಪಿದೆ."

ಶಾಲಿನೊಳಗೆ ಹಕ್ಕಿ ಗುಟುರ್ ಗುಟುರ್ ಎಂದಿತು. ಶಾಮಣ್ಣ ಅದನ್ನು ಇನ್ನಷ್ಟು ಎದೆಗೆ ಒತ್ತಿಕೊಂಡರು.

"ನಿಮ್ ಮಿಷಿನ್ ಕೆಟ್ಟೋಗಿದೆ ಕಣಮ್ಮ, ರಿಪೇರಿ ಮಾಡ್ಸಿ," ಎಂದು ಗದರಿ, ಹಕ್ಕಿಯನ್ನು ಮನೆಗೆ ಕರೆದೊಯ್ದರು.