ಪ್ರಭು ಯೆಶೆಕನ ರುಂಡ

೧೯೯೪ರ ಏಪ್ರಿಲ್ ೧೨, ಮಂಗಳವಾರ. ಬೆಳಿಗ್ಗೆ ಠಾಣೆಯ ಬಾಗಿಲು ತೆಗೆಯುವಷ್ಟರಲ್ಲೇ ಯೆಸ್ಟ್ರಾಬೊವ್ ಕೋಟೆಯ ಒಡೆಯ ಕ್ರಿಷ್ಟೊಫ್ ಝೆರ್ಹೊವ್ಸ್ಕಿ ಮೆಟ್ಟಿಲ ಮೇಲೆ ನಿಂತಿದ್ದ. ವಿಯೆನ್ನಾದಲ್ಲಿ ಬೆಳೆದವನು. ಕಮ್ಯುನಿಸ್ಟರು ಕಿತ್ತುಕೊಂಡಿದ್ದ ಅಜ್ಜನ ಆಸ್ತಿಯನ್ನು ಹೊಸ ಸರ್ಕಾರ ಹಿಂದಿರುಗಿಸಿದ ಮೇಲೆ, ಎರಡು ವರ್ಷದ ಹಿಂದೆ ಬಂದು ನೆಲೆಸಿದ್ದ.

"ನಮ್ಮ ಮೂಲಪುರುಷನ ತಲೆ ಕಡಿದಿದ್ದಾರೆ" ಎಂದ.

ಇನ್ಸ್‌ಪೆಕ್ಟರ್ ರಾಡೊವಾನ್ ಶಿಮೆಕ್ ಎಫ್‌ಐಆರ್ ದಾಖಲಿಸಿ, ಕಾನ್‌ಸ್ಟೆಬಲ್ ಪಾವ್ಲೀನಾಳೊಂದಿಗೆ ಕೋಟೆಗೆ ಹೊರಟ.

ಆರುನೂರು ವರ್ಷದ ಹಿಂದೆ ಕೋಟೆ ಕಟ್ಟಿಸಿ, ಅದರ ಬುಡದಲ್ಲಿ ಹೊಲಮನೆ ಮಾಡಿ, ಸುತ್ತಲ ಊರುಗಳನ್ನೆಲ್ಲ ಬಿಟ್ಟಿ ದುಡಿಸಿದ ಪ್ರಭು ಯೆಶೆಕ್ ಪ್ರಾರ್ಥನಾ ಮಂದಿರದಲ್ಲಿ ತನ್ನ ಸಮಾಧಿಯ ಮೇಲೆ ಕಲ್ಲಿನ ಪ್ರತಿಮೆಯಾಗಿ ಮಲಗಿದ್ದ. ಕುತ್ತಿಗೆಯಿಂದ ಮೇಲೆ ಏನೂ ಇರಲಿಲ್ಲ. ಬೀಗ ಮುರಿದಿರಲಿಲ್ಲ. ಪಂಚನಾಮೆ ಬರೆಯುತ್ತಿರುವಾಗಲೇ ಹೊಲಮನೆಯ ತಿಪ್ಪೆಗುಂಡಿಯಲ್ಲಿ ರುಂಡ ಸಿಕ್ಕಿದ ಸುದ್ದಿ ಬಂತು.

"ಮೊಯ್ಮಿರನದೇ ಕೆಲಸ" ಎಂದ ಕ್ರಿಷ್ಟೊಫ್. "ಹೊಲಮನೆ ಖಾಲಿ ಮಾಡು ಅಂದಿದ್ದಕ್ಕೆ, ದಣೀನ ತಿಪ್ಪೆಗೆ ಎಸೀತೀನಿ ಅಂತ ಹೆಂಡದಂಗಡೀಲಿ ಕೂಗಾಡಿದ್ದ."

ಹೊಲಮನೆಯಲ್ಲೇ ವಾಸವಿದ್ದು ಟ್ರ್ಯಾಕ್ಟರ್ ಓಡಿಸುವ ಮೊಯ್ಮಿರನನ್ನು ಠಾಣೆಗೆ ತಂದು ಕೂರಿಸಿದರು.

"ಕೂಗಾಡಿದ್ದು ನಿಜಾನಾ?"

"ನಿಜ. ನಾನು ಹೇಳಿದ್ದು ಬದುಕಿರೋ ದಣೀನ. ಸತ್ತವನ ತಲೆ ಕಟ್ಕೊಂಡು ನನಗೇನಾಗ್ಬೇಕು?"

ರಾಡೊವಾನ್ ರುಂಡವನ್ನು ತೊಳೆಸಿ ಮೇಜಿನ ಮೇಲಿಟ್ಟಿದ್ದ. ಕುತ್ತಿಗೆಯಲ್ಲಿ ಗರಗಸ ಕಲ್ಲನ್ನು ತಾಗಿಯೇ ಇರಲಿಲ್ಲ. ಕಲ್ಲಿನ ಬಣ್ಣ ಬಳಿದಿದ್ದ ಸಿಮೆಂಟಿನ ಬೆಸುಗೆಯನ್ನೂ ಒಳಗಿನ ಕಬ್ಬಿಣದ ಸರಳನ್ನೂ ಮಾತ್ರ ಕೊಯ್ದಿತ್ತು. ಯೆಶೆಕನ ಕಾಲದಲ್ಲಿ ಸಿಮೆಂಟೆಲ್ಲಿತ್ತು?

"ಈ ತಲೆ ಹಿಂದೆ ಯಾವಾಗ ಬಿದ್ದಿತ್ತು?"

ಮೊಯ್ಮಿರ್ ನಕ್ಕ. "ಬಿದ್ದಿದ್ದಲ್ಲ, ಬಚ್ಚಿಟ್ಟಿದ್ದು. ನಾನು ಹುಡುಗನಾಗಿದ್ದಾಗ ನಮ್ಮ ನೆಲಮಾಳಿಗೇಲಿ ಆಲೂಗಡ್ಡೆ ಕೆಳಗಿತ್ತು. ದಣಿಗೆ ಅದೂ ಗೊತ್ತಿಲ್ವಾ? ಭಾರೀ ವಂಶಸ್ಥ!"

"ಬಚ್ಚಿಟ್ಟಿದ್ದು ಯಾರು?"

ಮೊಯ್ಮಿರನ ನಗು ನಿಂತಿತು. "ನಮ್ಮಮ್ಮ. ಅವಳು ತೀರ್ಕೊಂಡಳು."

"ಒಬ್ಬಳೇ ಹೊತ್ತು ತಂದಳಾ?"

ಅವನು ನೆಲಕ್ಕೆ ಉಗುಳಿದ. ಗೋಡೆಯ ಕಡೆ ತಿರುಗಿ ಕೂತ.

ರಾಡೊವಾನ್ ಮತ್ತೆ ಕೋಟೆಗೆ ಹೋದ. ಮಂದಿರದ ಕೀಲಿ ಇನ್ನಾರ ಬಳಿ ಇತ್ತು ಎಂದು ಕ್ರಿಷ್ಟೊಫ್‌ನನ್ನು ಕೇಳಿದ.

"ಗೈಡ್ ಮುದುಕಿ ಲ್ಯುಡ್ಮಿಲಾ. ಭಾನುವಾರ ಕೆಲಸದಿಂದ ತೆಗೆದೆ. ನಿನ್ನೆ ಸಂಜೆ ಕೀಲಿ ಕೊಟ್ಟು ಹೋದಳು."

ಸೋಮವಾರ ಕೋಟೆಗೆ ರಜೆ. ಮಂದಿರದ ಕಡೆ ಯಾರೂ ಸುಳಿಯುವುದಿಲ್ಲ.

ಲ್ಯುಡ್ಮಿಲಾ ಮನೆಯ ಮುಂದೆ ಗಸಗಸೆ ಬಿತ್ತಲು ಮಡಿ ಮಾಡುತ್ತಿದ್ದಳು. ಶಾಲೆಯ ಮಕ್ಕಳ ಸಾಲಿನಲ್ಲಿ ನಿಂತು ಈಕೆಯ ಬಾಯಲ್ಲಿ ಯೆಶೆಕನ ಕತೆ ಕೇಳಿದ್ದು ರಾಡೊವಾನ್‌ಗೆ ನೆನಪಿತ್ತು.

"ಮೊಯ್ಮಿರನ್ನ ಹಿಡಿದಿದ್ದೀವಿ, ಅಮ್ಮ."

"ಯಾಕೆ?" ಗುದ್ದಲಿ ನಿಂತಿತು. "ಬಿಟ್ಟುಬಿಡಿ ಅವನನ್ನ. ಕೊಯ್ದಿದ್ದು ನಾನು."

"ತಿಪ್ಪೆಗೆ ಯಾಕೆ ಹಾಕಿದ್ರಿ?"

"ಮನೇಲಿಟ್ರೆ ಮತ್ತೆ ಕಾಯಬೇಕಾಗ್ತಿತ್ತು."

ಪಾವ್ಲೀನಾ ಜೀಪಿನ ಬಾಗಿಲು ತೆರೆದಳು. ದಾರಿಯಲ್ಲಿ ಮುದುಕಿ ತಾನಾಗಿಯೇ ಹೇಳಿದಳು.

"ಐವತ್ತೊಂದರಲ್ಲಿ ಕೋಟೇಲಿ ಸಿಪಾಯಿಗಳಿದ್ರು. ಯೆಶೆಕನ ಮುಖಕ್ಕೆ ಗುರಿಯಿಟ್ಟು ಗುಂಡು ಹೊಡೆಯೋದು ಅವರಿಗೆ ಆಟ. ನಾನೂ ಮೊಯ್ಮಿರನ ತಾಯೀನೂ ತಲೆ ಕೊಯ್ದು ಆಲೂಗಡ್ಡೆ ಗಾಡೀಲಿ ತಂದ್ವಿ. ಸಿಕ್ಕಿಬಿದ್ದಿದ್ರೆ ಗಣಿ ಕೆಲಸದ ಶಿಕ್ಷೆಗೆ ಕಳಿಸ್ತಿದ್ರು. ಕಾಲ ಬದಲಾದ ಮೇಲೆ ನಾನೇ ಕೂಡಿಸಿದೆ. ಭಾನುವಾರ ಪ್ರವಾಸಿಗಳೆದುರಿಗೆ ಆ ದಣಿ ಏನಂದ ಗೊತ್ತಾ? 'ಇವಳು ನಮ್ಮ ಆಳುಗಳ ಪೈಕಿ. ಬಾಯಿಗೆ ಬಂದಿದ್ದು ಹೇಳ್ತಾಳೆ. ನಮ್ಮ ಮನೆ ಚರಿತ್ರೆ ನಾವು ಹೇಳ್ಕೋತೀವಿ.'"

"ಅವನಿಗೆ ಹೇಳಬಹುದಿತ್ತಲ್ಲ, ತಲೆ ಉಳಿಸಿದ್ದು ನೀವೇ ಅಂತ."

"ಹೇಳಿದೆ. ನಕ್ಕ."

ಠಾಣೆಯಲ್ಲಿ ಮೊಯ್ಮಿರನನ್ನು ಬಿಟ್ಟರು. ಅವನು ಲ್ಯುಡ್ಮಿಲಾಳ ಮುಖ ನೋಡದೆ ಹೊರಟುಹೋದ. ಕೃತ್ಯದ ಕಾರಣ ಬರೆಯುವಲ್ಲಿ ರಾಡೊವಾನ್ 'ವೈಯಕ್ತಿಕ ದ್ವೇಷ' ಎಂದು ಬರೆದ. ಕಾನೂನಿಗೆ ಅಷ್ಟು ಸಾಕಿತ್ತು. ಲ್ಯುಡ್ಮಿಲಾ ಓದಿ ಸಹಿ ಹಾಕಿದಳು. ಚಹಾ ಕೊಟ್ಟರೆ ಬೇಡವೆಂದಳು.

ಪಾವ್ಲೀನಾ ಒಳಗೆ ಕರೆದೊಯ್ಯಲು ಬಂದಾಗ, ರುಂಡಕ್ಕೆ ಬಟ್ಟೆ ಮುಚ್ಚಿಟ್ಟಿದ್ದ ಮೇಜಿನ ಕಡೆ ತಿರುಗಿ ಮುದುಕಿ ಕೇಳಿದಳು.

"ಮೂಗು ಮುರಿದಿಲ್ಲ ತಾನೆ?"

"ಇಲ್ಲಮ್ಮ" ಎಂದ ರಾಡೊವಾನ್.